ಗಡಿಯಲ್ಲಿ ಯಜಮಾನ, ಮನೆಯಲ್ಲಿ ಯಜಮಾನಿ

ಕೊಡಗಿನಲ್ಲಿ ರೈಲುದಾರಿಯಿಲ್ಲ. ಆದುದರಿಂದ ರಜೆ ಮುಗಿಸಿದ ಸೈನಿಕನು ಅಲ್ಲಿಂದ ಹೊರಡುವುದು ಬಸ್ಸಿನಲ್ಲಿಯೇ. ಸೋಮವಾರಪೇಟೆಯ ನಿಲ್ದಾಣದಲ್ಲಿ ಬೆಳಗಿನ ಮಂಜು ಇನ್ನೂ ಕರಗದಿರುವ ಹೊತ್ತಿನಲ್ಲಿ, ಹೆಸರನ್ನೂ ಸಂಖ್ಯೆಯನ್ನೂ ಬಿಳಿಯ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕೊಂದು ಮೈಸೂರಿನ ಬಸ್ಸನ್ನೇರುತ್ತದೆ. ಅದರ ಹಿಂದೆ ಟ್ರಂಕಿನ ಒಡೆಯನೂ ಏರುತ್ತಾನೆ. ಕಿಟಕಿಯ ಬಳಿ ನಿಂತ ಹೆಂಡತಿ ಹೇಳಬೇಕೆಂದುಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು, "ಬುತ್ತಿಯ ಡಬ್ಬಿ ಮೇಲಿನ ಚೀಲದಲ್ಲಿದೆ" ಎಂದಷ್ಟೇ ಹೇಳುತ್ತಾಳೆ. ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ. ಅವಳು ಸೆರಗನ್ನು ಸರಿಪಡಿಸಿಕೊಂಡು, ದಾರಿಯಲ್ಲಿಯೇ ಔಷಧಿಯ ಅಂಗಡಿಯಲ್ಲಿ ಅತ್ತೆಯ ಮಾತ್ರೆಗಳನ್ನು ಕೊಂಡು ಮನೆಗೆ ಹಿಂದಿರುಗುತ್ತಾಳೆ. ಆ ಗಳಿಗೆಯಿಂದ ಮನೆಯ ಭಾರವೆಲ್ಲ ಅವಳದು.

ಇಂಥ ಬೆಳಗುಗಳು ನಮ್ಮ ನಾಡಿಗೆ ಹೊಸವಲ್ಲ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರು ಹುಟ್ಟಿದ್ದು ಇದೇ ಸೀಮೆಯ ಶನಿವಾರಸಂತೆಯಲ್ಲಿ. 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಮಡಿಕೇರಿಯವರು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ದಳದ ಕೇಂದ್ರವಿದೆ. ದಂಡನಾಯಕರ ಕೀರ್ತಿಯನ್ನು ಬಲ್ಲವರು ಅನೇಕರು. ಆದರೆ ಒಬ್ಬ ಹವಾಲ್ದಾರನು ಹಿಮದಲ್ಲಿ ಕಾವಲು ನಿಂತಿರುವಾಗ ಅವನ ಮನೆಯ ಒಲೆ ಹೇಗೆ ಉರಿಯುತ್ತದೆ, ಮಗುವಿನ ಶಾಲೆಯ ಶುಲ್ಕವನ್ನು ಯಾರು ಕಟ್ಟುತ್ತಾರೆ, ಸೋರುವ ಮಾಡಿಗೆ ಹೆಂಚನ್ನು ಯಾರು ಹೊದಿಸುತ್ತಾರೆ ಎಂಬುದನ್ನು ಕೇಳುವವರು ವಿರಳ.

ಮೂರು ದಾರಿಗಳು

ಸೇನೆಯ ನೆಲೆಗಳು ಎರಡು ಬಗೆಯವು. ಕುಟುಂಬವನ್ನು ಜೊತೆಗೆ ಇರಿಸಿಕೊಳ್ಳಬಹುದಾದ ಶಾಂತಿಯ ನೆಲೆ ಒಂದು. ಗಡಿಯ ಸಮೀಪದ, ಕುಟುಂಬಕ್ಕೆ ಎಡೆಯಿಲ್ಲದ 'ಫೀಲ್ಡ್' ಮತ್ತೊಂದು. ಸೈನಿಕನ ಬದುಕು ಇವೆರಡರ ನಡುವೆ ಲಾಳಿಯಂತೆ ಓಡಾಡುತ್ತಿರುತ್ತದೆ. ಫೀಲ್ಡಿಗೆ ಆಜ್ಞೆ ಬಂದಿತೆಂದರೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಅಗಲಿಕೆ. ನಡುವೆ ರಜೆಯುಂಟು, ಆದರೆ ರಜೆ ಯಾವಾಗ ಸಿಕ್ಕೀತೆಂಬುದು ಗಡಿಯ ಪರಿಸ್ಥಿತಿಯನ್ನು ಅವಲಂಬಿಸಿದ್ದು. ಮಗಳ ಹುಟ್ಟುಹಬ್ಬವಾಗಲಿ ತಂಗಿಯ ಮದುವೆಯಾಗಲಿ ಅದಕ್ಕೆ ಲೆಕ್ಕವಿಲ್ಲ.

ಆಜ್ಞೆ ಬಂದೊಡನೆ ದಂಪತಿಗಳ ಮುಂದೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಅತ್ತೆಮಾವಂದಿರಿರುವ ಊರಿನ ಮನೆಗೆ ಹೋಗುವುದು ಮೊದಲನೆಯದು. ಅಲ್ಲಿ ಆಸರೆಯುಂಟು, ಬಾಡಿಗೆಯಿಲ್ಲ. ಆದರೆ ಮಕ್ಕಳ ಶಾಲೆ ಬದಲಾಗಬೇಕು, ತನ್ನದೇ ಸಂಸಾರ ನಡೆಸಿದವಳು ಮತ್ತೆ ಸೊಸೆಯಾಗಬೇಕು. ದಂಡಿನ ಪ್ರದೇಶದಲ್ಲಿ ಇಂಥ ಕುಟುಂಬಗಳಿಗೆಂದೇ ಮೀಸಲಾದ 'ಸಪರೇಟೆಡ್ ಫ್ಯಾಮಿಲಿ' ವಸತಿಗೃಹ ಎರಡನೆಯದು. ಅಲ್ಲಿ ಆಸ್ಪತ್ರೆ, ಕ್ಯಾಂಟೀನು, ಶಾಲೆ ಎಲ್ಲವೂ ಹತ್ತಿರ. ನೆರೆಯವಳದೂ ತನ್ನಂಥದೇ ಬಾಳು. ಆದರೆ ಮನೆಗಳ ಸಂಖ್ಯೆ ಕಡಿಮೆ, ಕಾಯುವವರ ಸಂಖ್ಯೆ ಹೆಚ್ಚು. ಮಕ್ಕಳ ಓದಿಗಾಗಿ ಮೈಸೂರು, ಬೆಂಗಳೂರುಗಳಂಥ ಪಟ್ಟಣದಲ್ಲಿ ಬಾಡಿಗೆಯ ಮನೆ ಹಿಡಿಯುವುದು ಮೂರನೆಯದು. ಶಾಲೆ ಒಳ್ಳೆಯದು ಸಿಕ್ಕೀತು. ಆದರೆ ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರಿದರೆ ತಟ್ಟಬಹುದಾದ ಬಾಗಿಲೊಂದನ್ನು ಅವಳೇ ಸಂಪಾದಿಸಿಕೊಳ್ಳಬೇಕು.

ಈ ಮೂರರಲ್ಲಿ ಇಂಥದೇ ಸರಿಯೆಂದು ಹೇಳಲಾಗದು. ಕೂಸು ಚಿಕ್ಕದಿರುವಾಗ ಊರಿನ ಮನೆ, ಮಗ ಹೈಸ್ಕೂಲು ಸೇರುವಾಗ ಪಟ್ಟಣ, ಹೀಗೆ ಒಂದೇ ಕುಟುಂಬವು ಕಾಲಕಾಲಕ್ಕೆ ಮೂರನ್ನೂ ತುಳಿಯುವುದುಂಟು. ಪ್ರತಿ ಸಲವೂ ಹೊಸ ಶಾಲೆಯ ವರ್ಗಾವಣೆ ಪತ್ರ, ಹೊಸ ಗ್ಯಾಸಿನ ಪುಸ್ತಕ, ಹೊಸ ಹಾಲಿನವನು.

ಕಾಗದದ ಪೆಟ್ಟಿಗೆ

ಅನುಭವವುಳ್ಳ ಸೈನಿಕರ ಮನೆಗಳಲ್ಲಿ ಒಂದು ಪುಟ್ಟ ಪೆಟ್ಟಿಗೆಯಿರುತ್ತದೆ. ಒಡವೆಯ ಪೆಟ್ಟಿಗೆಗಿಂತಲೂ ಅದು ಹೆಚ್ಚಿನದು. ಅದರಲ್ಲಿರುವುದು ಕಾಗದಗಳು.

ಮೊದಲನೆಯದು ಬ್ಯಾಂಕಿನ ಪುಸ್ತಕ. ಖಾತೆಯು ಇಬ್ಬರ ಹೆಸರಿನಲ್ಲಿರಬೇಕು. "ಇಬ್ಬರಲ್ಲಿ ಯಾರಾದರೂ ಒಬ್ಬರು ಅಥವಾ ಬದುಕುಳಿದವರು" ಎಂಬ ನಮೂನೆಗೆ ಸಹಿ ಮಾಡುವಾಗ ಗಂಡಹೆಂಡಿರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ಆದರೂ ಸಹಿ ಮಾಡುತ್ತಾರೆ. ಗಂಡನೊಬ್ಬನ ಹೆಸರಿನಲ್ಲಿ ಸಂಬಳ ಜಮೆಯಾಗುತ್ತಾ ಹೋಗಿ, ಇತ್ತ ಮನೆಯವಳು ಅಂಗಡಿಯಲ್ಲಿ ಸಾಲ ಹೇಳುವ ವಿಪರ್ಯಾಸ ಅದರಿಂದ ತಪ್ಪುತ್ತದೆ.

ಎರಡನೆಯದು 'ಪಾರ್ಟ್ ಟೂ ಆರ್ಡರ್'. ಮದುವೆಯಾದುದು, ಮಗು ಹುಟ್ಟಿದುದು ಪಲ್ಟನಿನ ಆದೇಶದಲ್ಲಿ ಪ್ರಕಟವಾಗಿ, ಸೈನಿಕನ ಸೇವಾ ದಾಖಲೆಯನ್ನು ಸೇರಬೇಕು. ಸೇರದೆ ಹೋದರೆ, ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿರುವ ಕೂಸು ಸರ್ಕಾರದ ಕಣ್ಣಿಗೆ ಹುಟ್ಟಿಯೇ ಇಲ್ಲ. ಸೈನಿಕ ಆಸ್ಪತ್ರೆಯ ಚಿಕಿತ್ಸೆ, ಮುಂದಿನ ಪಿಂಚಣಿ ಎಲ್ಲದಕ್ಕೂ ಇದೇ ಬುನಾದಿ. ಹೆಸರಿನ ಒಂದು ಅಕ್ಷರ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಸೇನೆಯ ದಾಖಲೆಯಲ್ಲಿ ಇನ್ನೊಂದು ರೀತಿಯಿದ್ದರೂ ವರ್ಷಗಟ್ಟಲೆ ಅಲೆದಾಟವಾದೀತು. ರಜೆಯಲ್ಲಿರುವಾಗಲೇ ಇದನ್ನು ಹೋಲಿಸಿ ನೋಡುವುದು ಜಾಣತನ.

ಮೂರನೆಯದು ಅಧಿಕಾರಪತ್ರ. ಜಮೀನು, ಮನೆ, ಬೆಳೆ ಇವುಗಳ ವಿಷಯದಲ್ಲಿ ಗಂಡನ ಪರವಾಗಿ ವ್ಯವಹರಿಸುವ ಹಕ್ಕನ್ನು ಹೆಂಡತಿಗೆ ಕೊಡುವ ಪತ್ರವದು. ಇದರೊಡನೆ ವಿಮೆ ಮತ್ತು ನಿಧಿಗಳ ನಾಮನಿರ್ದೇಶನ, ಗಂಡನ ಸೇನಾ ಸಂಖ್ಯೆ, ಪಲ್ಟನಿನ ವಿಳಾಸ, ಅವನ ದಳದ ದಾಖಲೆ ಕಚೇರಿಯ ವಿಳಾಸ ಇವುಗಳೂ ಒಂದೇ ಕಡೆ ಇರಬೇಕು.

ಕಾನೂನು ಕೂಡ ದೂರವಿರುವ ಸೈನಿಕನನ್ನು ಮರೆತಿಲ್ಲ. ಯುದ್ಧಕಾಲದ ಅಥವಾ ವಿಶೇಷ ಸ್ಥಿತಿಯ ಸೇವೆಯಲ್ಲಿರುವ ಸೈನಿಕನ ಮೇಲೆ ಸಿವಿಲ್ ದಾವೆ ನಡೆದರೆ, ಅವನ ಗೈರುಹಾಜರಿಯಲ್ಲಿ ಅನ್ಯಾಯವಾಗದಂತೆ ವಿಚಾರಣೆಯನ್ನು ಮುಂದೂಡುವುದಕ್ಕೆ 1925ರ ಭಾರತೀಯ ಸೈನಿಕರ ದಾವಾ ಕಾಯಿದೆಯಲ್ಲಿ ಅವಕಾಶವುಂಟು. ಕರ್ನಾಟಕದ ಭೂಸುಧಾರಣೆಯು 1974ರಲ್ಲಿ ಬೇಸಾಯದ ಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದಾಗಲೂ, ಸೇವೆಯಲ್ಲಿರುವ ಸೈನಿಕನಿಗೂ ನಾವಿಕನಿಗೂ ವಿನಾಯಿತಿಯನ್ನು ಇರಿಸಿತು. ಗಡಿ ಕಾಯುವವನು ನೇಗಿಲು ಹಿಡಿಯಲಾರನೆಂಬುದು ಕಾಯಿದೆ ಮಾಡಿದವರಿಗೆ ತಿಳಿದಿತ್ತು. ನೆರೆಯವನು ಬೇಲಿಯನ್ನು ಒತ್ತಿದಾಗ ಎದೆಗುಂದದೆ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು. ಗಂಡನ ಮೇಲಧಿಕಾರಿಯಿಂದ ಜಿಲ್ಲಾಧಿಕಾರಿಗೆ ಪತ್ರ ಬರೆಸಬೇಕು. ಇದು ಯಾರ ದಯೆಯೂ ಅಲ್ಲ.

ಕೇಳಬಾರದ ಪ್ರಶ್ನೆ

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋದ ಭಾರತೀಯ ಸೈನಿಕರ ಪತ್ರಗಳನ್ನು ಅಂದಿನ ಸರ್ಕಾರದ ಪರಿಶೋಧಕರು ಓದಿ, ಕೆಲವನ್ನು ಅನುವಾದಿಸಿ ಇರಿಸಿದರು. ಆ ಭಾಗಗಳು ಲಂಡನ್ನಿನ ಗ್ರಂಥಾಲಯದಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಗುಂಡಿನ ಮಳೆಯ ವರ್ಣನೆಯೊಡನೆಯೇ ಬೆಳೆ, ದನಕರು, ಸಾಲ, ಊರಿನ ವ್ಯಾಜ್ಯ, ಕಳುಹಿಸಿದ ಹಣ ಇವುಗಳ ಮಾತೂ ತುಂಬಿದೆ. ನೂರು ವರ್ಷಗಳಾದರೂ ಪತ್ರದ ವಿಷಯ ಬದಲಾಗಿಲ್ಲ. ಬದಲಾಗಿರುವುದು ಪತ್ರದ ವೇಗ.

'56 ಎ.ಪಿ.ಓ.' ಮತ್ತು '99 ಎ.ಪಿ.ಓ.' ಎಂಬ ವಿಳಾಸಗಳನ್ನು ಸೈನಿಕರ ಮನೆಯ ಮಕ್ಕಳು ಅಕ್ಷರ ಕಲಿಯುವಾಗಲೇ ಕಲಿಯುತ್ತಾರೆ. ಮೊದಲನೆಯದರ ಟಪಾಲು ದೆಹಲಿಯ, ಎರಡನೆಯದರದು ಕಲಕತ್ತೆಯ ಸೇನಾ ಅಂಚೆಯ ಮೂಲಕ ಸಾಗುತ್ತದೆ. ಲಕೋಟೆಯ ಮೇಲೆ ಊರಿನ ಹೆಸರಿಲ್ಲ, ಬೆಟ್ಟದ ಹೆಸರಿಲ್ಲ. ಹಿಂದೆ ಪತ್ರಗಳು ಹಿಂದುಮುಂದಾಗಿ ಬರುತ್ತಿದ್ದುದರಿಂದ ಗಂಡಹೆಂಡಿರು ಅವುಗಳ ಮೇಲೆ ಕ್ರಮಸಂಖ್ಯೆಯನ್ನು ಹಾಕುವ ರೂಢಿಯಿತ್ತು. ಹನ್ನೊಂದನೆಯ ಪತ್ರದಲ್ಲಿ "ಈಗ ಗುಣವಾಗಿದೆ" ಎಂದಿದ್ದು, ಕಾಯಿಲೆಯ ಸುದ್ದಿಯ ಹತ್ತನೆಯ ಪತ್ರ ಆಮೇಲೆ ಬಂದರೆ, ಸಂಖ್ಯೆಯೊಂದೇ ಎದೆಯ ಬಡಿತವನ್ನು ತಗ್ಗಿಸುತ್ತಿತ್ತು.

ಇಂದು ಕೈಯಲ್ಲಿ ಮೊಬೈಲ್ ಇದೆ, ಮುಖವನ್ನೂ ನೋಡಬಹುದು. ಆದರೆ ಎತ್ತರದ ಠಾಣ್ಯಗಳಲ್ಲಿ ಸಂಪರ್ಕ ಸಿಗದ ದಿನಗಳುಂಟು, ಕಟ್ಟಳೆಯಿಂದ ಮಾತು ನಿಲ್ಲುವ ದಿನಗಳುಂಟು. ಹಿಂದೆ ಹದಿನೈದು ದಿನ ಪತ್ರ ಬಾರದಿದ್ದರೂ ಸಹಿಸುತ್ತಿದ್ದ ಮನಸ್ಸು ಇಂದು ಎರಡು ದಿನ ಕರೆ ಬಾರದಿದ್ದರೆ ಕುದಿಯುತ್ತದೆ. ಕರೆ ಬಂದರೂ "ಎಲ್ಲಿದ್ದೀರಿ?" ಎಂದು ಅವಳು ಕೇಳುವಂತಿಲ್ಲ. ಅವನು ಹೇಳುವಂತಿಲ್ಲ. "ಅಲ್ಲಿ ಚಳಿಯೇ?" ಎಂಬ ಒಂದು ಪ್ರಶ್ನೆಯಲ್ಲಿ ಅವಳು ಎಲ್ಲವನ್ನೂ ಕೇಳಿಬಿಡುತ್ತಾಳೆ.

ಏನನ್ನು ಹೇಳಬೇಕು, ಏನನ್ನು ಮುಚ್ಚಿಡಬೇಕು? ಇದೇ ನಿಜವಾದ ಇಕ್ಕಟ್ಟು. ಅತ್ತೆ ಬಿದ್ದು ಕಾಲು ಮುರಿದುಕೊಂಡ ಸುದ್ದಿಯನ್ನು ಹೇಳಿದರೆ ಅವನು ಅಲ್ಲಿಂದ ಏನು ಮಾಡಿಯಾನು? ಕಾವಲಿನ ಹೊತ್ತಿನಲ್ಲಿ ಅವನ ಮನಸ್ಸು ಮನೆಯಲ್ಲಿದ್ದರೆ ಅಪಾಯ. ಹೇಳದೆ ಇದ್ದರೆ, ಮುಂದೆ ಯಾರಿಂದಲೋ ತಿಳಿದು, ಇವಳ "ಎಲ್ಲ ಕ್ಷೇಮ" ಎಂಬ ಮಾತಿನಲ್ಲಿಯೇ ಅವನಿಗೆ ನಂಬಿಕೆ ಹೋದೀತು. ಆಗ ನಿಜವಾಗಿ ಎಲ್ಲ ಕ್ಷೇಮವಾಗಿರುವ ದಿನವೂ ಅವನಿಗೆ ನಿದ್ರೆ ಬಾರದು. ಬಲ್ಲ ಗೃಹಿಣಿಯರು ನಡುವಣ ದಾರಿಯೊಂದನ್ನು ಹಿಡಿಯುತ್ತಾರೆ. ಕಷ್ಟವನ್ನು ಒಂಟಿಯಾಗಿ ಹೇಳುವುದಿಲ್ಲ. ಮಾಡಿದ ಪರಿಹಾರದೊಡನೆ ಹೇಳುತ್ತಾರೆ. "ಅಮ್ಮ ಬಿದ್ದರು" ಎಂದಲ್ಲ. "ಅಮ್ಮ ಬಿದ್ದಿದ್ದರು, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಕಟ್ಟು ಹಾಕಿದ್ದಾರೆ, ಈಗ ಗಂಜಿ ಕುಡಿದು ನಿಮ್ಮೊಡನೆ ಮಾತನಾಡುತ್ತೇನೆಂದು ಕೂತಿದ್ದಾರೆ" ಎಂದು.

ಚಿಂತೆ ಎಂಬುದು ಒಂದೇ ದಿಕ್ಕಿಗೆ ಹರಿಯುವ ಹೊಳೆಯೂ ಅಲ್ಲ. 2018ರ ಆಗಸ್ಟಿನಲ್ಲಿ ಅತಿವೃಷ್ಟಿಯಿಂದ ಕೊಡಗಿನ ಗುಡ್ಡಗಳು ಕುಸಿದು, ಮನೆಗಳೂ ರಸ್ತೆಗಳೂ ಕೊಚ್ಚಿಹೋದವು. ಆಗ ಅಪಾಯದಲ್ಲಿದ್ದುದು ಊರು, "ಕ್ಷೇಮವೇ?" ಎಂದು ಕೇಳಬೇಕಾದವನು ಗಡಿಯಲ್ಲಿದ್ದ ಸೈನಿಕ.

ಮನೆಯ ಗಂಡಸು ಯಾರು?

ಸೋಮವಾರಪೇಟೆಯ ಕಡೆಯ ತೋಟದ ಮನೆಯೊಂದನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಗಂಡ ಹವಾಲ್ದಾರ. ಮನೆಯಲ್ಲಿ ವೃದ್ಧೆಯಾದ ಅತ್ತೆ, ಹತ್ತು ವರ್ಷದ ಮಗ, ಎರಡು ವರ್ಷದ ಮಗಳು. ಎರಡು ಎಕರೆ ರೋಬಸ್ಟಾ ಕಾಫಿ, ಒಂದಿಷ್ಟು ಗದ್ದೆ.

ಬಸ್ಸು ಹೊರಡುವ ಮುನ್ನ ನೆಂಟರೊಬ್ಬರು ಹುಡುಗನ ಬೆನ್ನು ತಟ್ಟಿ, "ಇನ್ನು ಮೇಲೆ ನೀನೇ ಕಣಪ್ಪ ಮನೆಯ ಗಂಡಸು" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಹುಡುಗ ಅದನ್ನು ನಂಬಿಬಿಡುತ್ತಾನೆ. ರಾತ್ರಿ ಎರಡು ಸಲ ಎದ್ದು ಬಾಗಿಲ ಅಗುಳಿಯನ್ನು ಮುಟ್ಟಿ ನೋಡುತ್ತಾನೆ. ಶಾಲೆಯಲ್ಲಿ ಲೆಕ್ಕ ತಪ್ಪುತ್ತಾನೆ. ಕಾರಣ ತಿಳಿದ ದಿನ ತಾಯಿ ಅವನನ್ನು ಬಳಿಯಲ್ಲಿ ಕೂರಿಸಿಕೊಂಡು, "ಮನೆ ನೋಡಿಕೊಳ್ಳೋಕೆ ನಾನಿದ್ದೇನಪ್ಪ. ನೀನು ಕೋಳಿಗೂಡಿನ ಬಾಗಿಲು ಮಾತ್ರ ಹಾಕು" ಎನ್ನುತ್ತಾಳೆ. ಅಂದಿನಿಂದ ಹುಡುಗನಿಗೆ ನಿದ್ರೆ ಬರುತ್ತದೆ. ಮಕ್ಕಳಿಗೆ ಕೆಲಸ ಕೊಡಬಹುದು. ತಂದೆಯ ಸ್ಥಾನವನ್ನು ಕೊಡಬಾರದು.

ಚಿಕ್ಕವಳ ಸಮಸ್ಯೆ ಬೇರೆ. ಅವಳಿಗೆ ತಂದೆಯೆಂದರೆ ಗೋಡೆಯ ಮೇಲಿನ ಚಿತ್ರ, ಕೈಯಲ್ಲಿ ಹಿಡಿಯುವ ಮೊಬೈಲಿನ ಮುಖ. ರಜೆಯ ಮೇಲೆ ನಿಜವಾದ ತಂದೆ ಬಾಗಿಲಲ್ಲಿ ನಿಂತಾಗ ಅವಳು ಕಿರುಚಿ ಅಜ್ಜಿಯ ಸೆರಗಿನಲ್ಲಿ ಅಡಗುತ್ತಾಳೆ. ಎಷ್ಟು ಎತ್ತರದ ಬೆಟ್ಟವನ್ನೇರಿದವನಿಗೂ ಆ ಗಳಿಗೆಯಷ್ಟು ಕಡಿದಾದ ಏರು ಬೇರೆಯಿಲ್ಲ. ಅವಳನ್ನು ಬಲವಂತವಾಗಿ ಎತ್ತಿಕೊಳ್ಳದೆ, ಅವಳೇ ಬರುವವರೆಗೆ ನೆಲದ ಮೇಲೆ ಕುಳಿತು ಕಾಯುವ ತಂದೆಗೆ ಅವಳು ಬೇಗ ಒಲಿಯುತ್ತಾಳೆ.

ಹಿಂದಿರುಗುವ ಕಷ್ಟ

ಅಗಲಿಕೆಯ ಕಷ್ಟವನ್ನು ಎಲ್ಲರೂ ಊಹಿಸಬಲ್ಲರು. ಮರಳುವಿಕೆಯಲ್ಲಿಯೂ ಕಷ್ಟವಿದೆಯೆಂಬುದನ್ನು ಸೈನಿಕರ ಮನೆಯವರು ಮಾತ್ರ ಬಲ್ಲರು.

ಆ ತೋಟದ ಮನೆಯೊಡತಿ ವರ್ಷವಿಡೀ ಕಾದು ಕೂರುವಂತಿರಲಿಲ್ಲ. ಬೇಸಗೆಯ ಆರಂಭದಲ್ಲಿ ಹೂಮಳೆ ಬಾರದೆ ಹೋದಾಗ ಕಾಫಿಗೆ ನೀರು ಹಾಯಿಸಬೇಕೋ ಬೇಡವೋ ಎಂಬುದನ್ನು ಆ ವಾರದಲ್ಲಿಯೇ ತೀರ್ಮಾನಿಸಬೇಕು. ತಡವಾದರೆ ಹೂವಿಲ್ಲ, ಹೂವಿಲ್ಲದಿದ್ದರೆ ಮುಂದಿನ ಬೆಳೆಯಿಲ್ಲ. ಅವಳು ಪಂಪನ್ನು ಬಾಡಿಗೆಗೆ ತಂದು ನೀರು ಹಾಯಿಸಿದಳು. ಮಳೆಗಾಲ ಹತ್ತಿರವಾದಾಗ ಗದ್ದೆಗೆ ಆಳು ಸಿಗಲಿಲ್ಲ. ಗದ್ದೆಯನ್ನು ಪರಿಚಯಸ್ಥರೊಬ್ಬರಿಗೆ ಒಂದು ವರ್ಷಕ್ಕೆ ಗೇಣಿಗೆ ಕೊಟ್ಟಳು. ಪತ್ರಕ್ಕೆ ಅಧಿಕಾರಪತ್ರದ ಬಲದಿಂದ ತಾನೇ ಸಹಿ ಹಾಕಿದಳು.

ರಜೆಯ ಮೇಲೆ ಬಂದ ಯಜಮಾನನಿಗೆ ನೀರು ಹಾಯಿಸಿದುದು ಮೆಚ್ಚುಗೆಯಾಯಿತು. ಗದ್ದೆಯ ಮಾತು ಕೇಳಿ ಮುಖ ಕಪ್ಪಿಟ್ಟಿತು. ತಂದೆ ಉತ್ತ ಗದ್ದೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕೂಂತಲೇ ನಾಲ್ಕು ದಿನ ಕಾದೆ. ನಿಮ್ಮ ಫೋನು ಸಿಗಲಿಲ್ಲ. ಐದನೇ ದಿನ ಮಳೆ ಬಂತು."

ಅವನು ಮಾತನಾಡಲಿಲ್ಲ. ಸ್ನಾನದ ಮನೆಯಲ್ಲಿ ಸೋಪು ಇಡುವ ಜಾಗ ಬದಲಾಗಿದೆ. ಊಟಕ್ಕೆ ಕೂರುವ ಹೊತ್ತು ಬದಲಾಗಿದೆ. ಮಗ ಏನು ಕೇಳುವುದಿದ್ದರೂ ತಾಯಿಯ ಬಳಿಗೇ ಓಡುತ್ತಾನೆ. ಮೂರನೆಯ ದಿನ ಅವನು ತಾಯಿಯೊಡನೆ, "ಅವ್ವ, ಈ ಮನೆಗೆ ನಾನು ನೆಂಟ ಆಗಿಬಿಟ್ಟೆ" ಎಂದ.

ಮುದುಕಿ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: "ನೆಂಟನಿಗೆ ಒಂದು ಹೊತ್ತು ಉಪಚಾರ. ನಿನಗೆ ನಾಳೆಯಿಂದ ಸೌದೆ ಒಡೆಯೋ ಕೆಲಸ ಇದೆ."

ಮುದುಕಿಯ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಮರಳಿ ಬಂದವನಿಗೆ ಅಧಿಕಾರವನ್ನು ಒಮ್ಮೆಲೇ ಒಪ್ಪಿಸಿದರೆ, ಅವನು ಹೊರಟ ದಿನ ಮತ್ತೆ ಎಲ್ಲವೂ ತಲೆಕೆಳಗಾಗುತ್ತದೆ. ಏನನ್ನೂ ಒಪ್ಪಿಸದಿದ್ದರೆ ಅವನು ನಿಜವಾಗಿಯೂ ನೆಂಟನಾಗುತ್ತಾನೆ. ಮೊದಲು ಕೆಲಸ, ಅನಂತರ ಆಲೋಚನೆಯಲ್ಲಿ ಪಾಲು, ಕಡೆಗೆ ತೀರ್ಮಾನದಲ್ಲಿ ಪಾಲು ಎಂಬ ಕ್ರಮ ಹಿತಕರ. ಹೆಂಡತಿಯ ಮನಸ್ಸನ್ನೂ ನೋಡಬೇಕು. ವರ್ಷಗಟ್ಟಲೆ ಒಬ್ಬಳೇ ಹೊತ್ತವಳಿಗೆ ಗಂಡನ "ಯಾಕೆ ಹೀಗೆ ಮಾಡಿದೆ?" ಎಂಬ ಒಂದು ಪ್ರಶ್ನೆಯು ಇಡೀ ವರ್ಷದ ದುಡಿಮೆಗೆ ಹಾಕಿದ ಕೆಂಪು ಗೆರೆಯಂತೆ ಕಾಣುತ್ತದೆ. ಅಧಿಕಾರಪತ್ರಕ್ಕೆ ಕೈ ಸಹಿ ಮಾಡಿತ್ತು. ಮನಸ್ಸು ಸಹಿ ಮಾಡಿರಲಿಲ್ಲ. ರಜೆ ಮುಗಿಯುವ ಮುನ್ನ ಅವನು ಗದ್ದೆಯ ಬದುವಿನ ಮೇಲೆ ನಡೆದು ಬಂದು, "ಪೈರು ಚೆನ್ನಾಗಿದೆ" ಎಂದನಂತೆ. ಅದೇ ಆ ಎರಡನೆಯ ಸಹಿ.

ನೆರೆಹೊರೆಯವರ ಪಾಲು

ಸೈನಿಕನ ಕುಟುಂಬವು ಪಟ್ಟಣದ ಬೀದಿಯಲ್ಲಿ ಬಾಡಿಗೆಗೆ ಬಂದಾಗ ನೆರೆಯವರು ಮಾಡಬಹುದಾದುದು ಬಹಳವಿದೆ, ಮಾಡಬಾರದುದೂ ಇದೆ. ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದೊಡನೆ, "ನಿಮ್ಮವರು ಅಲ್ಲೇ ಇರೋದಲ್ವೇ?" ಎಂದು ಕೇಳಲು ಓಡುವುದು ಮಾಡಬಾರದ ಕೆಲಸ. 1962, 1965, 1971ರ ಯುದ್ಧಗಳಲ್ಲಿ ಈ ಮನೆಗಳು ಹೆದರುತ್ತಿದ್ದುದು ತಂತಿಯ ಪೇದೆಗೆ. ತಂತಿ ಸೇವೆ 2013ರಲ್ಲಿ ನಿಂತಿತು. 1999ರ ಕಾರ್ಗಿಲ್ ಕಾಳಗದ ಹೊತ್ತಿಗೆ ಯುದ್ಧವೇ ದೂರದರ್ಶನದ ಪರದೆಯ ಮೇಲೆ ಮನೆಯೊಳಗೆ ಬಂದಿತ್ತು. ಈಗಂತೂ ಗಾಳಿಸುದ್ದಿ ಅಂಗೈಯಲ್ಲಿದೆ. ಅಂಥ ದಿನ ಪರದೆಯನ್ನು ಆರಿಸಿ, ಅಧಿಕೃತವಾಗಿ ತಿಳಿಯುವವರೆಗೆ ಯಾವುದನ್ನೂ ನಂಬದಿರುವುದು ಅನೇಕ ಮನೆಗಳು ತಾವೇ ಮಾಡಿಕೊಂಡ ಕಟ್ಟಳೆ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಯೋಧರನ್ನು ಮುಚ್ಚಿತು. ಆರು ದಿನಗಳ ಅನಂತರ, ಸುಮಾರು 25 ಅಡಿಯ ಹಿಮದಡಿಯಿಂದ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಸಹಿತ ದೊರೆತರು. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಡೆಲ್ಲ ಅಂದು ಕಾದಿತು, ಅಂದು ಅತ್ತಿತು. ಆದರೆ ಅಂಥ ಕಾಯುವಿಕೆ ಸೈನಿಕರ ಮನೆಗಳಲ್ಲಿ, ಪತ್ರಿಕೆಗಳಲ್ಲಿ ಸುದ್ದಿಯಾಗದೆ, ಪ್ರತಿ ರಾತ್ರಿಯೂ ಇರುತ್ತದೆ. ಅದನ್ನು ಅರಿತವರು ಸಂತಾಪದ ಮಾತನ್ನಾಡುವುದಿಲ್ಲ. "ನಾಳೆ ನಮ್ಮ ಮಗುವಿನ ಜೊತೆ ನಿಮ್ಮದನ್ನೂ ಶಾಲೆಗೆ ಬಿಟ್ಟು ಬರುತ್ತೇನೆ" ಎನ್ನುತ್ತಾರೆ. ಕೆಟ್ಟ ನಲ್ಲಿಗೆ ಕೆಲಸಗಾರನನ್ನು ಕರೆತರುತ್ತಾರೆ. ಹಬ್ಬದ ದಿನ ಒಂದು ಎಲೆ ಹೆಚ್ಚಿಗೆ ಹಾಕುತ್ತಾರೆ.

ಕಾಲವೂ ಬದಲಾಗುತ್ತಿದೆ. 1992ರಿಂದ ಸ್ತ್ರೀಯರು ಸೇನೆಯ ಅನೇಕ ವಿಭಾಗಗಳಲ್ಲಿ ಅಧಿಕಾರಿಗಳಾಗಿ ಸೇರುತ್ತಿದ್ದಾರೆ. 2020ರಲ್ಲಿ ಅವರ ಕಾಯಂ ಸೇವೆಯ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಹೆಂಡತಿ ಗಡಿಯಲ್ಲಿದ್ದು, ಗಂಡನೇ ಮಗಳ ಜಡೆ ಹೆಣೆದು ಶಾಲೆಗೆ ಕಳುಹಿಸುವ ಮನೆಗಳೂ ಈಗ ಇರಲು ಸಾಧ್ಯ. ಕಾಗದದ ಪೆಟ್ಟಿಗೆ, ಕೇಳಬಾರದ ಪ್ರಶ್ನೆ, ಮರಳಿದಾಗಿನ ಮುಜುಗರ, ಇವು ಆ ಮನೆಗಳಿಗೂ ತಪ್ಪಿದುವಲ್ಲ.

ತೋಟದ ಮನೆಯ ರಜೆ ಮುಗಿಯಿತು. ಮತ್ತೆ ಸೋಮವಾರಪೇಟೆಯ ನಿಲ್ದಾಣ, ಮತ್ತೆ ಮಂಜು, ಮತ್ತೆ ಬಿಳಿಯ ಅಕ್ಷರದ ಕಪ್ಪು ಟ್ರಂಕು. ಈ ಸಲ ಚಿಕ್ಕವಳು ತಂದೆಯ ಹೆಗಲಿನಿಂದ ಇಳಿಯಲೊಲ್ಲಳು. ಕಿಟಕಿಯಿಂದ ಬಗ್ಗಿ ಅವನು ಹೆಂಡತಿಗೆ ಹೇಳಿದ: "ಮುಂದಿನ ವರ್ಷ ಗದ್ದೆ ವಿಷಯ ನೀನೇ ನೋಡಿಕೋ. ಫೋನು ಸಿಕ್ಕರೆ ಹೇಳು. ಸಿಗದೇ ಇದ್ದರೆ ಮಳೆ ಬರೋವರೆಗೂ ಕಾಯಬೇಡ."

ಅವಳು ತಲೆಯಾಡಿಸಿ, ಮಗಳನ್ನು ಎತ್ತಿಕೊಂಡಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಔಷಧಿಯ ಅಂಗಡಿ ಇನ್ನೂ ತೆರೆದಿರಲಿಲ್ಲ. ಮೆಟ್ಟಿಲಿನ ಮೇಲೆ ಮಕ್ಕಳನ್ನು ಕೂರಿಸಿ, ಅವಳು ಅದು ತೆರೆಯುವವರೆಗೆ ಕಾದಳು.